ಒಡೆಯುವುದಕ್ಕೊಂದು ಬಾಟ್ಲಿ

ನನ್ನಪ್ಪ ಕಾಶೀರಾಮ ಹುಟ್ಟಿದಾಗಿನಿಂದ ಒಂದು ಹನಿ ದಾರು ಕುಡಿದವನಲ್ಲ. ಆದರೆ ಬೀದರ ಜಿಲ್ಲೆಯ ನಮ್ಮ ಕ್ರೈಸ್ತ ಸಭೆಗಳಲ್ಲಿ ಅವನಷ್ಟು ಹೆಸರುವಾಸಿಯಾದ ಕುಡುಕ ಇನ್ನೊಬ್ಬನಿಲ್ಲ. ಅವನ ಕುಡಿತದ ಕಥೆ ಕೇಳಿ ಭಾಲ್ಕಿಯಲ್ಲಿ ಹೆಂಗಸರು ಸೆರಗು ಒದ್ದೆ ಮಾಡಿಕೊಂಡಿದ್ದಾರೆ. ಔರಾದದಲ್ಲಿ ಗಂಡಸರು ಮೊಣಕಾಲೂರಿದ್ದಾರೆ. ಅಪ್ಪನೋ, ಕೆಮ್ಮಿನ ಔಷಧ ಎರಡು ಚಮಚ ಕುಡಿದರೂ ತಲೆ ತಿರುಗುತ್ತದೆಂದು ಗೋಡೆ ಹಿಡಿದು ಕೂತುಬಿಡುವ ಮನುಷ್ಯ.

ಸಿಟ್ಟು ಬಂದರೆ ನನಗೆ ನಗು ಬರುತ್ತದೆ. ನಮ್ಮವ್ವ ಶಾಲುಬಾಯಿಗೂ ಹಾಗೆಯೇ. ಇಡೀ ಮನೆಗೆ ಹತ್ತಿದ ರೋಗ. ಈಗ ಇದನ್ನು ಹೇಳುವಾಗಲೂ ನಗುತ್ತಿದ್ದೇನೆ. ಹಾಗಂತ ಸಿಟ್ಟು ಇಳಿದಿದೆ ಎಂದು ತಿಳಿಯಬೇಡಿ.

ನಾನು ಸಪನಾ. ಭಾಲ್ಕಿ ತಾಲೂಕಿನ ಹಲಬರ್ಗಾದವಳು. ಊರು ಮುಗಿದ ಮೇಲೆ ನಮ್ಮ ಓಣಿ ಶುರುವಾಗುತ್ತದೆ. ನಮ್ಮ ಮುತ್ಯಾಗಳು, ಅಜ್ಜ ಮುತ್ತಜ್ಜಂದಿರು, ಸತ್ತ ಎಮ್ಮೆ ಎಳೆದು ಸುಲಿದವರು. ಈಗ ಯಾರೂ ಸುಲಿಯುವುದಿಲ್ಲ, ಊರು ಮಾತ್ರ ಮರೆತಿಲ್ಲ. ಅಪ್ಪ ಭಾಲ್ಕಿ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲ. ತೊಗರಿ, ಸೋಯಾ, ಕಡಲೆ. ಬಂದ ಚೀಲ ಇಳಿಸಬೇಕು, ಹೋಗುವ ಚೀಲ ಏರಿಸಬೇಕು. ಒಂದು ಸಲ ಲಾರಿಗೆ ಹಚ್ಚಿದ ಹಲಗೆ ಜಾರಿತು. ಅಪ್ಪ ಕೆಳಗೆ, ಕ್ವಿಂಟಲ್ ಚೀಲ ಮೇಲೆ. ಸೇಠ ಹರಿದ ಚೀಲದ ಕಾಳು ಬಳಿಸಿದ. ಅಪ್ಪನನ್ನು ಎತ್ತಿದವರು ಇನ್ನಿಬ್ಬರು ಹಮಾಲರು. ಅಂದಿನಿಂದ ಅವನ ಸೊಂಟ ಒಂದು ಕಡೆ ವಾಲಿದೆ. ನಡೆದರೆ ರಸ್ತೆಯ ಈ ದಂಡೆಯಿಂದ ಆ ದಂಡೆಗೆ ತೂಗಾಡುತ್ತಾನೆ. ಆ ಸೊಂಟದಲ್ಲೇ ಈಗಲೂ ಚೀಲ ಹೊರುತ್ತಾನೆ.

ಪಾಸ್ಟರ್ ಅನೀಲಕುಮಾರ ಅವರು ಮೊದಲ ಸಲ ನಮ್ಮೂರಿಗೆ ಬಂದ ಸಂಜೆ ಅಪ್ಪ ಗಂಜಿನಿಂದ ಮನೆಗೆ ಬರುತ್ತಿದ್ದ. ತೂಗಾಡಿದ. ಗಟಾರದ ಅಂಚಿನಲ್ಲಿ ಕಾಲು ಜಾರಿ ಬಿದ್ದ. ಪಾಸ್ಟರು ಜೀಪಿನಿಂದ ಇಳಿದು ಓಡಿಬಂದು ಎತ್ತಿದರು. ಅದು ಖರೆ. ಬಿಳಿ ಅಂಗಿ ಕೆಸರು ಮಾಡಿಕೊಂಡು ಎತ್ತಿದರು. ಅಪ್ಪ ಇವತ್ತಿಗೂ ಅದನ್ನು ನೆನೆಯುತ್ತಾನೆ. ಆದರೆ ಯಾಕೆ ಬಿದ್ದೆ ಎಂದು ಅವರು ಕೇಳಲಿಲ್ಲ. ನಮ್ಮ ಓಣಿಯ ಗಂಡಸು, ಸಂಜೆ ಹೊತ್ತು, ತೂಗಾಡುತ್ತಿದ್ದಾನೆ. ಇನ್ನೇನು ಕೇಳಬೇಕು?

ಪಾಸ್ಟರು ಇರುವುದು ಬೀದರದ ನೌಬಾದದಲ್ಲಿ. ಹಳ್ಳಿ ಹಳ್ಳಿಯಲ್ಲಿ ಅವರ ಕೈಕೆಳಗೆ ಸಣ್ಣ ಸಣ್ಣ ಸಭೆಗಳಿವೆ, ನಮ್ಮೂರಿನದೂ ಒಂದು. ಅವುಗಳಿಗೆ ನಾಯಕರನ್ನು ಬೆಳೆಸುವುದು ಅವರ ಕೆಲಸ. ತಾವು ಆರಿಸಿದವರನ್ನು ಶಿಷ್ಯರೆಂದು ಮನೆಯಲ್ಲೇ ಇಟ್ಟುಕೊಂಡು ಬೆಳೆಸುತ್ತಾರೆ.

"ಯೇಸುಸ್ವಾಮಿ ಕಾಲೇಜು ತೆರೀಲಿಲ್ಲವ್ವ," ಎಂದು ನನಗೆ ಹೇಳಿದರು. "ಹನ್ನೆರಡ ಮಂದೀನ್ನ ಜೋಡಿ ಇಟ್ಕೊಂಡ. ಕೂಡಿ ಉಂಡ, ಕೂಡಿ ನಡದ. ಹಂಗ ನಾಯಕರು ತಯಾರ ಆಗ್ತಾರ. ನೀ ಬಾ. ಹಲಬರ್ಗಾ ಸಭಾ ನಿನಗ ಕೊಡೋದದ."

ಎಷ್ಟು ಚೆಂದದ ಮಾತು! ಬಸ್ಸಿನಲ್ಲಿ ನಿಂತುಕೊಂಡು ಬೀದರಕ್ಕೆ ಹೋಗುವಾಗ ಒಳಗೊಳಗೇ ಕುಣಿಯುತ್ತಿದ್ದೆ. ಆ ಮಾತನ್ನು ನಾನು ಈಗಲೂ ನಂಬುತ್ತೇನೆ.

ನೌಬಾದದಲ್ಲಿ ಕೂಡಿ ಉಣ್ಣುವುದಿತ್ತು. ರೊಟ್ಟಿ ಬಡಿಯುವವಳು ನಾನು. ಕೂಡಿ ನಡೆಯುವುದಿತ್ತು. ಬ್ಯಾಗು ಹೊರುವವಳು ನಾನು. ಬೆಳಿಗ್ಗೆ ಎದ್ದು ಜೀಪು ತೊಳೆ. ಅಂಗಳ ಗುಡಿಸು. ಸಂಡಾಸು ತಿಕ್ಕು. ಪ್ರಾರ್ಥನಾ ಕೂಟವಿದ್ದರೆ ನೂರು ಮಂದಿಗೆ ರೊಟ್ಟಿ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಏಳುತ್ತಿದ್ದವು. ನನ್ನ ನಂತರ ಉತ್ತಮ ಎಂಬ ಔರಾದದವನು ಶಿಷ್ಯನಾಗಿ ಬಂದ. ಒಳ್ಳೆಯ ಮನುಷ್ಯ. ಒಂದು ದಿನ ಸಂಡಾಸಿನ ಬ್ರಶ್ಶು ಅವನೇ ಹಿಡಿದ. ಪಾಸ್ಟರ ಹೆಂಡತಿ, ನಾವು ಅಮ್ಮನವರು ಅನ್ನುತ್ತೇವೆ, ಅವನ ಕೈಯಿಂದ ಕಸಿದು ನನ್ನ ಕೈಗೆ ಕೊಟ್ಟರು. ಗಂಡಸು ಬೋಧನೆ ಕಲಿಯಬೇಕಲ್ಲ! ಅವನು ಪಡಸಾಲೆಯಲ್ಲಿ ಪಾಸ್ಟರ ಎದುರು ಬೈಬಲ್ ಬಿಚ್ಚಿ ಕೂತ. ನಾನು ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡೆ. ಜೋರಾಗಿ ಬಡಿದರೆ ಪಾಠ ಕೇಳಿಸುತ್ತಿರಲಿಲ್ಲ. ಮೆಲ್ಲಗೆ ಬಡಿದರೆ ರೊಟ್ಟಿ ದಪ್ಪಗಾಗುತ್ತಿತ್ತು. ಪಾಠವೂ ಬೈಗುಳವೂ ಒಂದೇ ಹೊತ್ತಿಗೆ ಸಿಗುತ್ತಿದ್ದವು.

ವರ್ಷ ತುಂಬುವುದರೊಳಗೆ ಉತ್ತಮನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಔರಾದದ ಸಭೆ ಕೊಟ್ಟರು.

"ನಂದು ಯಾವಾಗರಿ ಅಯ್ಯನವರೆ?" ಎಂದು ಪಾಸ್ಟರನ್ನು ಕೇಳಿದೆ.

"ನೀ ಇನ್ನಾ ದೇವರ ಮುಂದ ಮುರದಿಲ್ಲ ಸಪನಾ. ಪೂರಾ ಮುರೀಬೇಕು."

ನನ್ನ ಉಗುರುಗಳೆಲ್ಲ ಮುರಿದಿದ್ದವು. ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅಪ್ಪನ ಕಥೆ ನಾನು ಮೊದಲು ಕೇಳಿದ್ದು ಬೀದರದ ಒಂದು ಕೂಟದಲ್ಲಿ. ವೇದಿಕೆ ಹತ್ತಿದರೆ ಪಾಸ್ಟರ ಮಾತು ಪುಸ್ತಕದ ಮಾತಾಗುತ್ತದೆ. ಕಣ್ಣೀರಿಡುತ್ತ ಸಾಕ್ಷಿ ಹೇಳುತ್ತಿದ್ದರು: "ಒಬ್ಬ ಕುಡುಕನಿದ್ದನು. ಹೆಂಡತಿಯ ತಾಳಿ ಮಾರಿ ಕುಡಿದನು. ಹಸಿದ ಮಗಳ ಮುಂದಿನ ಗಂಗಾಳ ಒದ್ದು ಕುಡಿಯಲು ಹೋದನು. ಆ ಗಟಾರದ ಹುಳುವನ್ನು ಈ ಕೈಗಳಿಂದ ನಾನು ಎತ್ತಿದೆನು." ಅಯ್ಯೋ ಪಾಪ, ಯಾರ ಅಪ್ಪನೋ ಎಂದು ನಾನೂ ಎಲ್ಲರ ಜೊತೆ ಅತ್ತೆ. ಆಮೇಲೆ ಅವರು ನನ್ನ ಕಡೆ ಬೆರಳು ಮಾಡಿದರು. "ಆ ಮಗಳೇ ಈಕೆ. ಎದ್ದು ನಿಲ್ಲು ಸಪನಾ." ಎದ್ದು ನಿಂತೆ. ಮೂಗು ಒರೆಸಿದ ಸೆರಗು ಇನ್ನೂ ಕೈಯಲ್ಲಿತ್ತು. ಮಂದಿ ಸ್ತೋತ್ರ, ಸ್ತೋತ್ರ ಎಂದರು.

ವಾಪಸು ಬರುವಾಗ ಜೀಪಿನಲ್ಲೇ ಹೇಳಿದೆ. "ನಮ್ಮಪ್ಪ ಕುಡ್ಯಂಗಿಲ್ಲರಿ ಅಯ್ಯನವರೆ. ಅದು ಸೊಂಟದ ಬ್ಯಾನಿರಿ. ಮೈಮ್ಯಾಲ ಚೀಲ ಬಿದ್ದು..."

"ಮುಚ್ಚಿಡಬ್ಯಾಡವ್ವ," ಎಂದರು, ಬಹಳ ಪ್ರೀತಿಯಿಂದ. "ನನ್ನ ಕೈಲೇ ಎತ್ತೀನಿ ನಾ. ಶಿಷ್ಯಳಾದಾಕಿ ಮೊದಲ ಒಪ್ಕೋಬೇಕು. ಇದೇ ನೋಡು ನಿನ್ನ ಅಹಂಕಾರ."

ತಿಳಿಯಿತಲ್ಲ? ಅಪ್ಪ ಕುಡುಕ ಎಂದರೆ ನಾನು ಮುರಿದವಳು. ಅಲ್ಲ ಎಂದರೆ ಇನ್ನೂ ಮುರಿಯಬೇಕಾದವಳು. ನಾನು ಅಲ್ಲ ಎಂದಷ್ಟೂ ಹಲಬರ್ಗಾ ಸಭೆ ದೂರ ಹೋಯಿತು. ಗಟಾರದಿಂದ ಎತ್ತುವಾಗ ಒಂದು ಸಲ ಅಪ್ಪನ ಬಾಯಿ ಮೂಸಿದ್ದರೂ ಸಾಕಿತ್ತು. ಚಹಾದ ವಾಸನೆ ಬರುತ್ತಿತ್ತು.

ಕಥೆ ಊರೂರು ತಿರುಗಿ ಕೊಬ್ಬಿತು. ಒಂದು ಭಾನುವಾರ ಔರಾದದಿಂದ ಬಸ್ಸು ಹಿಡಿದು ಮೂವರು ಹೆಂಗಸರು ನಮ್ಮ ಮನೆಗೆ ಬಂದರು, ಕುಡುಕ ಗಂಡಂದಿರನ್ನು ಮುಂದೆ ನೂಕಿಕೊಂಡು. ಅವ್ವ ಕಟ್ಟೆಯ ಮೇಲೆ ಅಪ್ಪನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು.

"ಅಣ್ಣಾವ್ರೆ, ನೀವು ಹ್ಯಾಂಗ ಬಿಟ್ರಿ? ಇವರಿಗಿ ಜರಾ ಹೇಳ್ರಿ," ಎಂದಳು ಒಬ್ಬಳು.

"ಏನ್ ಬಿಟ್ಟೀನ್ರಿ?" ಎಂದ ಅಪ್ಪ.

"ದಾರೂರಿ."

"ನಾ ಚಾ ಬಿಟ್ರ ಏನೂ ಕುಡ್ಯಂಗಿಲ್ಲರಿ ತಂಗಿ."

ಅವಳು ಗಂಡನ ಬೆನ್ನಿಗೆ ಗುದ್ದಿದಳು. "ನೋಡು! ಹ್ಯಾಂಗ ಬಿಟ್ಟಾರ ನೋಡು! ಕುಡದಿದ್ದ ನೆನಪೂ ಉಳದಿಲ್ಲ ಅವರಿಗಿ!"

ಅವ್ವ ಎಣ್ಣೆಯ ಬಟ್ಟಲು ಕೆಳಗಿಟ್ಟು ನಗತೊಡಗಿದಳು. ಕೊರಳಿನ ತಾಳಿ ಹೊರಗೆಳೆದು ತೋರಿಸಿದಳು. "ಇವರು ಮಾರಿದ್ದು ಇದೇ ನೋಡ್ರಿ!" ನಾನೂ ನಕ್ಕೆ. ಯಾಕೆಂದು ತಿಳಿಯದೆ ಆ ಗಂಡಂದಿರೂ ನಕ್ಕರು. ಅಪ್ಪ ಎಲ್ಲರಿಗೂ ಚಹಾ ಕುಡಿಸಿ ಕಳಿಸಿದ. ಅವರು ಹೋದ ಮೇಲೆ ಅವ್ವ ಒಲೆಯ ಮುಂದೆ ಕೂತು ಇನ್ನೂ ನಗುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಅಳುತ್ತಿದ್ದಳು.

ಇಷ್ಟೆಲ್ಲದರ ನಡುವೆ ಹಲಬರ್ಗಾದ ಸಭೆ ನಡೆಸುತ್ತಿದ್ದವಳು ನಾನೇ. ವಾರದ ಕೊನೆಗೆ ಊರಿಗೆ ಬಂದರೆ ಹೆಂಗಸರ ಜೋಡಿ ಸೋಯಾ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದೆ. ಕುಕ್ಕುರುಗಾಲಿನಲ್ಲಿ ಕೂತು ಒಂದು ಸಾಲು ಹಿಡಿದರೆ ಬೈಬಲಿನ ಒಂದು ಮಾತು. ಸಾಲು ಮುಗಿಯುವುದರೊಳಗೆ ಬಾಯಿಪಾಠ. ಓದು ಬಾರದ ಕಾಂತಾಬಾಯಿ ಮರುದಿನ ಅದನ್ನೇ ಪಕ್ಕದ ಹೊಲದವರಿಗೆ ಕಲಿಸುತ್ತಿದ್ದಳು. ಜ್ವರ ಬಂದವರಿಗೆ ಗಂಜಿ ಕುಡಿಸಿ ಪ್ರಾರ್ಥನೆ ಮಾಡುವುದು, ಗಂಡ ಹೆಂಡಿರ ಜಗಳ ಬಿಡಿಸುವುದು, ಇವೆಲ್ಲ ನಮ್ಮ ನಮ್ಮಲ್ಲೇ ಹಂಚಿಹೋದವು. ಒಬ್ಬರ ಜೋಡಿ ಒಬ್ಬರು ಬದುಕಿ ಬೆಳೆಯುವುದು ಎಂದರೆ ಏನೆಂದು ನನಗೆ ತಿಳಿದದ್ದು ಆ ಹೊಲದಲ್ಲಿ. ಆದರೆ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ನಾನು ಮುರಿಯುವಂತಿಲ್ಲ. ಸತ್ತವರಿಗೆ ಮಣ್ಣು ಕೊಡುವ ಪ್ರಾರ್ಥನೆ ನಾನು ಮಾಡುವಂತಿಲ್ಲ. ತಲೆಯ ಮೇಲೆ ಪಾಸ್ಟರ ಕೈ ಬಿದ್ದಿಲ್ಲ.

ನಮ್ಮ ಓಣಿಯ ಮುದುಕಿ ಅಂಜನಾಬಾಯಿ ಆಯಿ ತೀರಿಕೊಂಡಾಗ ಪಾಸ್ಟರು ಹೈದರಾಬಾದಿನ ಕೂಟದಲ್ಲಿದ್ದರು. ಫೋನ್ ಮಾಡಿದೆ. "ಕಾಯ್ರಿ, ಬರ್ತೇನಿ," ಎಂದರು. ಏಪ್ರಿಲ್ ಬಿಸಿಲು. ತಗಡಿನ ಮನೆ. ನಸುಕಿನಲ್ಲಿ ಜೀವ ಹೋಗಿತ್ತು, ಹೊತ್ತು ಮುಳುಗುವ ತನಕ ಹೆಣ ಕಾಯಿತು. ಐಸು ತಂದು ಇಟ್ಟೆವು, ಕರಗಿತು. ನೊಣ ಓಡಿಸಿ ಓಡಿಸಿ ನಮ್ಮ ಕೈ ಸೋತವು. ಹೊಟ್ಟೆ ಉಬ್ಬಿತು. ಪಾಸ್ಟರು ಬಂದು ಮೂಗಿಗೆ ಕರವಸ್ತ್ರ ಹಿಡಿದು ಪ್ರಾರ್ಥನೆ ಮುಗಿಸಿದರು. ಆ ಪ್ರಾರ್ಥನೆ ನನಗೆ ಬಾಯಿಪಾಠ ಬರುತ್ತದೆ. ಆಯಿಗೂ ಬರುತ್ತಿತ್ತು, ನಾನೇ ಕಲಿಸಿದ್ದೆ. ಅವತ್ತು ಮಾತ್ರ ನನಗೆ ನಗು ಬರಲಿಲ್ಲ.

ಈ ವರ್ಷ ಭಾಲ್ಕಿಯ ಉಜ್ಜೀವನ ಕೂಟಕ್ಕೆ ಮೊದಲು ಪಾಸ್ಟರು ನನ್ನನ್ನು ಕರೆದರು.

"ನಿನ್ನ ವ್ಯಾಳ್ಯಾ ಬಂತು ಸಪನಾ. ವೇದಿಕಿ ಮ್ಯಾಲ ನಿನ್ನ ತಲಿ ಮ್ಯಾಲ ಕೈ ಇಡ್ತೇನಿ. ಹಲಬರ್ಗಾ ನಿಂದು. ಹೈದರಾಬಾದಿಂದ ಹಿರ್ಯಾರು ಬರೋರಿದ್ದಾರ. ನಿಮ್ಮಪ್ಪನ್ನ ಕರ್ಕೊಂಡು ಬಾ. ಕೈಯಾಗ ಬಾಟ್ಲಿ ಇರಲಿ. ನಾ ಸಾಕ್ಷಿ ಹೇಳ್ತೇನಿ, ಅವರು ಎಲ್ಲಾರ ಮುಂದ ಅದನ್ನ ಒಡೀಲಿ."

"ಎಂಥಾ ಬಾಟ್ಲಿರಿ?"

"ಅವರು ಕುಡೀತಿದ್ದದ್ದು."

ಮನೆಗೆ ಬಂದು ಹೇಳಿದೆ. ಅವ್ವ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈ ಎತ್ತಿ ತಡೆದ.

"ಒಡದ್ರ ನಿನಗ ಸಭಾ ಕೊಡ್ತಾರ?"

"ಕೊಡ್ತೇನಿ ಅಂದಾರ."

"ಆಯಿ ಹೆಣ ಕಾದಂಗ ಇನ್ನೊಬ್ಬರ ಹೆಣ ಕಾಯಬಾರ್ದು. ಒಡೀತೇನಿ ತಗೋ. ನನ್ನ ಹೆಸರು ಏನದ, ಮೊದಲೇ ಕೆಟ್ಟದ."

ನನಗೋಸ್ಕರ ಅಪ್ಪ ಕುಡುಕನಾಗಲು ಒಪ್ಪಿಬಿಟ್ಟಿದ್ದ.

ಕೂಟದ ದಿನ ಬಾಟ್ಲಿ ಕೊಳ್ಳಲು ಅಪ್ಪ ಅವ್ವನನ್ನೂ ಜೊತೆಗೆ ಕರೆದುಕೊಂಡ. ಒಬ್ಬನೇ ಹೋಗಲು ಹೆದರಿಕೆ. ಭಾಲ್ಕಿಯ ವೈನ್ ಶಾಪಿಗೆ ಹೋದವನು ಚಪ್ಪಲಿ ಹೊರಗೆ ಕಳಚಿಟ್ಟು ಒಳಗೆ ಕಾಲಿಟ್ಟನಂತೆ. ಇಷ್ಟು ಹೇಳುವಷ್ಟರಲ್ಲಿ ನಕ್ಕು ನಕ್ಕು ಅವ್ವನಿಗೆ ಉಸಿರು ಸಾಲುತ್ತಿರಲಿಲ್ಲ.

"ಏನ್ ಕೊಡ್ಲಿ?" ಎಂದ ಅಂಗಡಿಯವನು.

"ಒಡ್ಯಾಕ ಒಂದು ಬಾಟ್ಲಿ ಕೊಡ್ರಿ."

"ಯಾವ್ದು?"

"ಸಪ್ಪಳ ಛಲೋ ಬರೋದು."

ಸಾಲಿನಲ್ಲಿ ನಿಂತಿದ್ದವರೆಲ್ಲ ಬುದ್ಧಿ ಹೇಳಲು ಮುಗಿಬಿದ್ದರು. ರಮ್ಮಿನ ಗಾಜು ದಪ್ಪ, ಬೇಗ ಒಡೆಯುವುದಿಲ್ಲ ಎಂದ ಒಬ್ಬ. ಬಿಯರು ಒಡೆದರೆ ನೊರೆ ಹಾರುತ್ತದೆ, ನೋಡಲು ಚೆಂದ ಎಂದ ಇನ್ನೊಬ್ಬ. "ತುಂಬಿದ್ದು ಒಡೀಬ್ಯಾಡ ಕಾಕಾ, ಕೈ ಮುಗೀತೇನಿ," ಎಂದು ಮೂರನೆಯವನು ನಿಜವಾಗಿಯೂ ಕೈ ಮುಗಿದ. ಅಪ್ಪ ಬಿಯರು ತಂದ.

ಪೆಂಡಾಲು ತುಂಬಿತ್ತು. ಹಲಬರ್ಗಾದ ನಮ್ಮ ಹೆಂಗಸರು ಮುಂದೆಯೇ ಕೂತಿದ್ದರು. ಔರಾದದವರೂ ಬಂದಿದ್ದರು. ಮೈಕು ಖಾಸಿಂ ಅಲಿಯದು. ಮದುವೆಯಿರಲಿ, ಉರುಸಿರಲಿ, ಪ್ರಾರ್ಥನೆಯಿರಲಿ, ಭಾಲ್ಕಿಯಲ್ಲಿ ಮೈಕ್ ಸೆಟ್ ಎಂದರೆ ಅವನನ್ನೇ ಕರೆಯುತ್ತಾರೆ. ಮೊದಲು ಅವನೂ ಗಂಜಿನ ಹಮಾಲ. ಅಪ್ಪನನ್ನು ಚೀಲದ ಕೆಳಗಿನಿಂದ ಎತ್ತಿದ ಇಬ್ಬರಲ್ಲಿ ಒಬ್ಬ.

ಅಪ್ಪ ಬಾಟ್ಲಿಯನ್ನು ಮೈಯಿಂದ ಮಾರು ದೂರ ಹಿಡಿದು ವೇದಿಕೆ ಹತ್ತಿದ. ನಾನು ಪಕ್ಕದಲ್ಲಿ ನಿಂತೆ. ಪಾಸ್ಟರು ಶುರುಮಾಡಿದರು. ತಾಳಿ ಬಂತು, ಗಂಗಾಳ ಬಂತು, ಗಟಾರ ಬಂತು. ಈ ಸಲ ಹೊಸದೊಂದು ಸೇರಿತ್ತು, ಕುಡಿದು ಬಂದು ಹೆಂಡತಿಯ ಕೈ ಮುರಿದನು ಎಂದು. ಕೆಳಗೆ ಕೂತಿದ್ದ ಅವ್ವ ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಆ ಕುಡಿತದ ಗುರುತು ಇಂದಿಗೂ ಇವನ ಕಾಲುಗಳಲ್ಲಿದೆ!" ಎಂದರು ಪಾಸ್ಟರು. "ನಡೆದು ತೋರಿಸು ಕಾಶೀರಾಮಾ!"

ಅಪ್ಪ ನಡೆದ. ಕೈಯಲ್ಲಿ ಬಾಟ್ಲಿ ಹಿಡಿದು, ಮುದುಕ, ಈ ತುದಿಯಿಂದ ಆ ತುದಿಗೆ ತೂಗಾಡುತ್ತ ನಡೆದ. ಹೈದರಾಬಾದಿನ ಹಿರಿಯರು ಚ್ಚು ಚ್ಚು ಎಂದರು. ಆ ತುದಿ ಮುಟ್ಟಿ, ಸಾಕೋ ಇನ್ನೂ ನಡೆಯಬೇಕೋ ಎಂದು ಅಪ್ಪ ನನ್ನ ಮುಖ ನೋಡಿದ.

ನನಗೆ ನಗು ಬಂತು. ಹೊಟ್ಟೆಯ ಬುಡದಿಂದ ಎದ್ದು ಬಂತು. ಸೆರಗು ಬಾಯಿಗೆ ತುರುಕಿದರೂ ನಿಲ್ಲಲಿಲ್ಲ. ಬಗ್ಗಿ ನಕ್ಕೆ, ಕೂತು ನಕ್ಕೆ, ಕಣ್ಣಲ್ಲಿ ನೀರು ಬಂತು. "ಪವಿತ್ರಾತ್ಮನ ಆನಂದ ಇಳಿದಿದೆ!" ಎಂದು ಪಾಸ್ಟರು ಕೂಗಿ ಮೈಕನ್ನು ನನ್ನ ಬಾಯಿಗೇ ಹಿಡಿದರು. ಪಾಪ.

"ನಮ್ಮಪ್ಪ ಕುಡ್ಯಂಗಿಲ್ಲ!" ಎಂದೆ.

ನಾನು ಮೈಕು ಕಸಿದುಕೊಂಡೆ.

"ಒಂದು ಹನಿನೂ ಕುಡದಿಲ್ಲ. ಈ ನಡಿಗಿ ದಾರೂದಲ್ಲ, ಚೀಲದ್ದು! ನೀವೆಲ್ಲಾ ದಿನಾ ಉಣ್ತೀರಿ ಅಲ್ಲ ಬ್ಯಾಳಿ, ಅದನ್ನ ಹೊತ್ತು ಮುರದ ಸೊಂಟ ಇದು. ನಾ ಹೇಳೀನಿ. ಸಾರಿ ಸಾರಿ ಹೇಳೀನಿ. ಅಯ್ಯನವರು ಕೇಳಲಿಲ್ಲ. ನನಗ ಸಭಾ ಕೊಡ್ಲಾಕ ನಮ್ಮಪ್ಪ ಕುಡುಕ ಆಗಬೇಕಂತ. ಇವತ್ತ ಅಂವಾ ಹುಟ್ಟಿ ಮೊದಲನೇ ಸಲ ದಾರೂ ಅಂಗಡಿಗಿ ಹೋಗ್ಯಾನ, ಅದೂ ಅಯ್ಯನವರು ಕಳಿಸ್ಯಾರಂತ!"

ಪಾಸ್ಟರು ಖಾಸಿಂ ಅಲಿಗೆ ಮೈಕು ಬಂದ್ ಮಾಡೆಂದು ಸನ್ನೆ ಮಾಡಿದರು. ಅವನು ಬಗ್ಗಿ ಗುಂಡಿ ತಿರುವಿದ. ನನ್ನ ದನಿ ಇನ್ನೂ ಜೋರಾಯಿತು. ಆಮೇಲೆ ಎದ್ದು ನಿಂತ. "ಖರೇ ಅದರಿ! ಕಾಶೀರಾಮ ಭಾಯಿ ಮ್ಯಾಲಿಂದ ಆ ಚೀಲ ನಾ ಎತ್ತೀನಿ! ಖುದಾ ಕಸಂ, ಚಾ ಬಿಟ್ರ ಅಂವಾ ಏನೂ ಮುಟ್ಟಂಗಿಲ್ಲ!"

ಔರಾದದ ಸಾಲಿನಿಂದ ಒಬ್ಬ ಗಾಬರಿಯಾಗಿ ಎದ್ದ. "ಮತ್ತ ನಾ ಯಾರನ್ನ ನೋಡಿ ದಾರೂ ಬಿಟ್ಟೆ?"

"ಬಿಟ್ಟೀದಿ, ಸುಮ್ ಕೂಡು!" ಎಂದು ಹೆಂಡತಿ ಅಂಗಿ ಹಿಡಿದು ಜಗ್ಗಿದಳು.

ನಗು ಹತ್ತಿಕೊಂಡಿತು. ಹೆಂಗಸರ ಕಡೆಯಿಂದ ಗಂಡಸರ ಕಡೆಗೆ, ಅಲ್ಲಿಂದ ರೊಟ್ಟಿ ಬಡಿಯುತ್ತಿದ್ದವರ ಕಡೆಗೆ. ಪಾಸ್ಟರ ಮುಖ ಕೆಂಪಾಯಿತು. ಪುಸ್ತಕದ ಮಾತು ಉದುರಿಹೋಯಿತು. "ನಿನ್ನ ಎಲ್ಲಿಂದ ಎತ್ತೀನಿ, ಗೊತ್ತದ ಏನು ನಿನಗ?" ಎಂದರು ನನಗೆ.

ಅವ್ವ ಕೆಳಗಿನಿಂದಲೇ ಎದ್ದು ನಿಂತಳು. ಅವಳಿಗೆ ಮೈಕು ಬೇಕಾಗಲಿಲ್ಲ.

"ನೀವು ಎಲ್ಲಿಂದ ಎದ್ದೀರಿ ಅದೂ ಹೇಳ್ರಿ ಅಯ್ಯನವರೆ! ನಿಮ್ಮ ಮುತ್ಯಾ, ನಮ್ಮ ಮಾವ, ಇಬ್ರೂ ಕೂಡೇ ಎಮ್ಮಿ ಎಳದೋರು! ಹಿಂದಿನ ಕಾಲು ನಿಮ್ಮ ಮುತ್ಯಾಂದು, ಮುಂದಿನ ಕಾಲು ನಮ್ಮ ಮಾವಂದು! ಅದ್ಯಾಕ ಸಾಕ್ಷಿದಾಗ ಬರಂಗಿಲ್ಲ?"

ಪಾಸ್ಟರೂ ನಮ್ಮ ಜಾತಿಯವರೇ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಯಾರೂ ಬಾಯಿ ಬಿಟ್ಟಿರಲಿಲ್ಲ. ಮುದುಕರು ಬೆನ್ನು ಬಾಗಿಸಿ ನಕ್ಕರು. ಒಬ್ಬ ಹೌದೌದು, ದೊಡ್ಡ ಎಮ್ಮಿ ಇತ್ತು ಎಂದ.

ಪಾಸ್ಟರು ನನ್ನ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು. "ನನ್ನ ಕೈ ನಿನ್ನ ತಲಿ ಮ್ಯಾಲ ಬೀಳಂಗಿಲ್ಲ. ಹಲಬರ್ಗಾ ನಿನಗಿಲ್ಲ."

"ಬ್ಯಾಡ್ರಿ," ಎಂದೆ. ಎಷ್ಟು ಹಗುರವಾಗಿ ಬಂತು ಆ ಮಾತು! ಇನ್ನೊಂದು ಸಲ ಅಂದೆ. "ಬ್ಯಾಡ್ರಿ ಅಯ್ಯನವರೆ. ಆ ಕೈಗಿ ಭಾಳ ರೊಟ್ಟಿ ಬಡದು ಹಾಕೀನಿ. ಅದು ನನಗ ಬ್ಯಾಡ."

ಅಪ್ಪನ ಮುಂದೆ ಮೊಣಕಾಲೂರಿದೆ. "ಅಪ್ಪಾ, ನೀ ಇಡು."

ಅಪ್ಪ ತಬ್ಬಿಬ್ಬಾದ. ಕೈಯಲ್ಲಿ ಬಾಟ್ಲಿ. ಇಡಲು ಜಾಗ ಹುಡುಕಿದ. ವೇದಿಕೆಯ ತುಂಬ ಬಿಳಿ ಬಟ್ಟೆ ಹಾಸಿತ್ತು. ಹತ್ತಿರದಲ್ಲಿ ಪಾಸ್ಟರಿದ್ದರು. "ಜರಾ ಹಿಡೀರಿ," ಎಂದು ಅವರಿಗೇ ಕೊಟ್ಟ. ಮರ್ಯಾದಸ್ಥರಲ್ಲವೇ, ಕೊಟ್ಟದ್ದನ್ನು ಹಿಡಿದರು. ಬಿಳಿ ಅಂಗಿಯ ಪಾಸ್ಟರು ಬಿಯರು ಬಾಟ್ಲಿ ಹಿಡಿದು ನಿಂತದ್ದೇ ತಡ, ಪೆಂಡಾಲಿನ ಮೊಬೈಲುಗಳೆಲ್ಲ ಮೇಲೆದ್ದವು. ಅವ್ವ ನಕ್ಕು ನಕ್ಕು ಕಂಬ ಹಿಡಿದುಕೊಂಡಳು.

ಅಪ್ಪನ ಎರಡೂ ಕೈ ನನ್ನ ತಲೆಯ ಮೇಲೆ ಬಿದ್ದವು. ಗೋಣಿ ತಿಕ್ಕಿ ತಿಕ್ಕಿ ಒರಟಾದ ಅಂಗೈಗಳು. ಭಾರವಾಗಿದ್ದವು. ಕಾಂತಾಬಾಯಿ ವೇದಿಕೆ ಹತ್ತಿ ನನ್ನ ಹೆಗಲ ಮೇಲೆ ಕೈಯಿಟ್ಟಳು. ಅವಳ ಹಿಂದೆ ಹಲಬರ್ಗಾದ ಹೆಂಗಸರೆಲ್ಲ ಬಂದರು. ನಾಯಕರ ಸಾಲಿನಿಂದ ಉತ್ತಮನೂ ಎದ್ದು ಬಂದ. ಯಾರೋ ಮೈಕನ್ನು ಅಪ್ಪನ ಬಾಯಿಗೆ ಹಿಡಿದರು. ಅಪ್ಪ ಜೀವಮಾನದಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದವನಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಸ್ವಾಮಿ, ಈಕಿ ನನ್ನ ಮಗಳು ಸಪನಾ. ಹಲಬರ್ಗಾದಾಗ ಯಾರರೆ ಸತ್ರ ಈಕಿ ಮಣ್ಣು ಕೊಡ್ತಾಳ. ಭೋಜನದ ರೊಟ್ಟಿ ಈಕಿ ಮುರೀತಾಳ. ಇನ್ನ ಮ್ಯಾಲ ಯಾರ ಸಂಡಾಸೂ ತಿಕ್ಕಂಗಿಲ್ಲ. ಇದು ನಿನಗ ಹೇಳ್ಲಕತ್ತಿದ್ದಲ್ಲ ಸ್ವಾಮಿ, ನಿನಗ ಮೊದಲೇ ಗೊತ್ತದ. ಇವರಿಗಿ ಹೇಳ್ಲಕತ್ತೀನಿ. ಆಮೆನ್."